ನಾನು ಬರೆದ ವಿನಾಯಿತಿ ಪತ್ರ

ಪೊನ್ನಂಪೇಟೆಯ ಒಂದು ಪ್ರೌಢಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಗೈಡ್ಸ್ ತರಗತಿ ನಡೆಯುತ್ತದೆ. ಎಂ.ಎಸ್ಸಿ. ಮುಗಿಸಿ ಊರಿಗೆ ಬಂದ ಮೇಲೆ ನಾನು ಅಲ್ಲಿಗೆ ಹೋಗತೊಡಗಿದೆ. ಗೈಡ್ಸ್ ನಡೆಸುವವರು ಅಲ್ಲಿನ ಹಿಂದಿ ಟೀಚರ್. ನನ್ನ ಪಾಲಿಗೆ ಬಂದದ್ದು ಬರವಣಿಗೆಯ ಕೆಲಸ: ಯಾರು ಯಾವ ಪರೀಕ್ಷೆ ಮುಗಿಸಿದರು, ಯಾರಿಗೆ ಏನು ಬಾಕಿ ಎಂದು ಪಟ್ಟಿ ಇಡುವುದು. ಜನರ ಜೊತೆ ಹೆಚ್ಚು ಮಾತಾಡದೆ ಮಾಡಬಹುದಾದ ಕೆಲಸವಾದ್ದರಿಂದ ನನಗೆ ಒಗ್ಗಿತು.

ಆ ವರ್ಷ ಬೇರೆ ಶಾಲೆಯಿಂದ ಒಂಬತ್ತನೇ ತರಗತಿಗೆ ಒಬ್ಬಳು ಹುಡುಗಿ ಬಂದಳು. ಹುಟ್ಟಿನಿಂದಲೇ ಅವಳ ಎಡಗೈ ಮೊಣಕೈವರೆಗೆ ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು, ಬೆರಳುಗಳಿಗೆ ಹಿಡಿತವಿರಲಿಲ್ಲ. ಸೋಪಾನಗಳೆಂಬ ಗೈಡ್ಸ್ ಹಂತಗಳಲ್ಲಿ ಮೊದಲೆರಡನ್ನು ಮುಗಿಸಿದ್ದಳು. ಮೂರನೆಯದರಲ್ಲಿ ಲ್ಯಾಶಿಂಗ್ ಇತ್ತು. ಎಂದರೆ, ಎರಡು ಕೋಲುಗಳನ್ನು ಅಡ್ಡಡ್ಡ ಇಟ್ಟು, ಭಾರ ಹೊರುವಷ್ಟು ಬಿಗಿಯಾಗಿ ಹಗ್ಗದಲ್ಲಿ ಕಟ್ಟುವುದು.

ನಾನು ನಿಯಮಗಳನ್ನು ಓದಿದೆ. ಅಂಗವೈಕಲ್ಯ ಇರುವವರಿಗೆ ಒಪ್ಪಿಗೆ ಪಡೆದು ಪರೀಕ್ಷೆಯನ್ನು ಬದಲಿಸಬಹುದು ಎಂದಿತ್ತು. ಒಂದು ರಾತ್ರಿ ಕೂಡ ತಡಮಾಡದೆ ಪತ್ರ ಬರೆದೆ. ಲ್ಯಾಶಿಂಗ್‌ನಿಂದ ಅವಳಿಗೆ ವಿನಾಯಿತಿ ಕೊಡಬೇಕು, ಬದಲಿಗೆ ಅದರ ಹಂತಗಳನ್ನು ಚಾರ್ಟಿನಲ್ಲಿ ಬಿಡಿಸಿ ವಿವರಿಸುತ್ತಾಳೆ ಎಂದು. ಒಂದೇ ಪುಟ, ಒಂದು ಚಿತ್ತೂ ಇರಲಿಲ್ಲ. ಆ ಪತ್ರದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಟೀಚರ್ ಅದನ್ನು ಎರಡು ಸಲ ಓದಿ, ಮಡಚಿ ನನಗೇ ಕೊಟ್ಟರು. "ಚೆನ್ನಾಗಿ ಬರ್ದಿದ್ದೀಯಮ್ಮ. ಅವಳ ಹತ್ರ ಕೇಳಿದ್ಯಾ?"

ಕೇಳಿರಲಿಲ್ಲ.

ಮೈದಾನದ ಕಟ್ಟೆಯ ಮೇಲೆ ಕೂತಿದ್ದ ಹುಡುಗಿಗೆ ಪತ್ರ ತೋರಿಸಿದೆ. ಅವಳು ನಿಧಾನವಾಗಿ ಓದಿದಳು.

"ಚಾರ್ಟ್ ಎಂಥಕ್ಕೆ ಮಿಸ್? ಹೊಳೆ ದಾಟ್ಲಿಕ್ಕೆ ಕೋಲಿನ ಪಾಲ ಬೇಕಾದ್ರೆ ಚಾರ್ಟ್ ಹಾಸೂದಾ?"

ಪಕ್ಕದಲ್ಲಿದ್ದ ಹುಡುಗಿಯರು ನಕ್ಕರು. ಅವಳು ನಗಲಿಲ್ಲ. ಅವರು ಎದ್ದು ಹೋದ ಮೇಲೆ ಹೇಳಿದಳು: ಹಿಂದಿನ ಶಾಲೆಯಲ್ಲಿ ಗಂಟುಗಳ ಪರೀಕ್ಷೆಯ ದಿನ ಅವಳ ಕೈಗೆ ಯಾರೂ ಹಗ್ಗವನ್ನೇ ಕೊಡಲಿಲ್ಲ. "ಪಾಪ, ನೀನು ಕೂತ್ಕೊ" ಎಂದು ಹೇಳಿ, ಪಟ್ಟಿಯಲ್ಲಿ ಎಲ್ಲದಕ್ಕೂ ಸರಿ ಗುರುತು ಹಾಕಿದರು. ಬ್ಯಾಡ್ಜ್ ಬಂತು. ಜೊತೆಯವರು ಅದನ್ನು ಕನ್ಸೆಷನ್ ಬ್ಯಾಡ್ಜ್ ಎಂದು ಕರೆದರು.

"ಅದನ್ನ ನಾನು ಹಾಕ್ಕೊಳ್ಳೂದೇ ಇಲ್ಲ ಮಿಸ್. ಇದಾದ್ರೂ ನಂದಾಗ್ಬೇಕು. ಆಗ್ದಿದ್ರೆ ಫೇಲ್ ಅಂತ್ಲೇ ಬರೀರಿ."

ನಾನು ಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡೆ.

ಮುಂದಿನ ಶನಿವಾರಗಳಲ್ಲಿ ಅವಳು ಕಟ್ಟಿದ್ದೆಲ್ಲ ಸಡಿಲವಾಯಿತು. ಟೀಚರ್ ಸಮಾಧಾನ ಹೇಳುವವರಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಹಗ್ಗ ಎಲ್ಲಿ ಜಾರುತ್ತದೆ ಎಂದಷ್ಟೇ ನೋಡುತ್ತಿದ್ದರು. ಜಾರುತ್ತಿದ್ದದ್ದು ಪ್ರತಿ ಸಲವೂ ಒಂದೇ ಕಡೆ: ಒಂದು ಸುತ್ತು ಎಳೆದು ಮುಂದಿನ ಸುತ್ತಿಗೆ ಕೈ ಹೋಗುವಾಗ ಹಿಂದಿನದನ್ನು ಹಿಡಿಯಲು ಏನೂ ಇರಲಿಲ್ಲ. ಅವಳು ಹಲ್ಲಿನಿಂದ ಕಚ್ಚಿ ಹಿಡಿದು ನೋಡಿದಳು. ತುಟಿ ಸುಲಿಯಿತು. "ಹಲ್ಲು ಹೋದ್ರೆ ಅದಕ್ಕೂ ಇವಳು ಒಂದು ಪತ್ರ ಬರೀತಾಳೆ," ಎಂದು ಟೀಚರ್ ನನ್ನ ಕಡೆ ನೋಡಿದರು. ಅಂದು ಹುಡುಗಿ ನಕ್ಕಳು. ನಾನೂ.

ಒಂದು ಸಂಜೆ ಅವಳ ಬಸ್ ತಪ್ಪಿತು. ನನ್ನ ಸ್ಕೂಟರಿನಲ್ಲಿ ಮನೆಗೆ ಬಿಟ್ಟೆ. ಅವರದು ಎರಡೆಕರೆ ಕಾಫಿ ತೋಟ. ಮಳೆ ಹಿಂದೆಗೆದಿತ್ತು, ಅವಳ ಅಪ್ಪ ಒಂಟಿ ಬಿದಿರಿನ ಏಣಿಯ ಮೇಲೆ ನಿಂತು, ಹೊಸದಾಗಿ ಚಿಗುರಿದ ಮೆಣಸಿನ ಬಳ್ಳಿಯನ್ನು ಸಿಲ್ವರ್ ಓಕ್ ಮರಕ್ಕೆ ಕಟ್ಟುತ್ತಿದ್ದರು. ಅವಳು ಬ್ಯಾಗ್ ಇಳಿಸಿದವಳೇ ಏಣಿಯ ಬುಡಕ್ಕೆ ಹೋಗಿ, ನೆನೆಸಿಟ್ಟ ಬಾಳೆನಾರನ್ನು ಒಂದೊಂದಾಗಿ ಮೇಲಕ್ಕೆ ಕೊಡತೊಡಗಿದಳು. ಚಿಕ್ಕಂದಿನಿಂದ ಅದು ಅವಳ ಕೆಲಸವಂತೆ.

ನಾನು ಸುಮ್ಮನೆ ಮೇಲೆ ನೋಡುತ್ತ ನಿಂತೆ. ಅವರು ಎಡತೋಳಿನಿಂದ ಮರವನ್ನು ತಬ್ಬಿದ್ದರು. ಮೊಣಕೈ ಬಳ್ಳಿಯನ್ನು ತೊಗಟೆಗೆ ಒತ್ತಿ ಹಿಡಿದಿತ್ತು. ಬಲಗೈ ನಾರನ್ನು ಸುತ್ತಿತು. ಪ್ರತಿ ಸುತ್ತಿಗೂ ಆ ಮೊಣಕೈ ಸ್ವಲ್ಪ ಎದ್ದು ನಾರನ್ನು ಒಳಗೆ ಬಿಟ್ಟುಕೊಂಡು ಮತ್ತೆ ಅದುಮುತ್ತಿತ್ತು. ಕೊನೆಗೆ ತುದಿಯನ್ನು ಸುತ್ತಿನ ಕೆಳಗೆ ತೂರಿಸಿ, ಮುಷ್ಟಿಗೆ ಒಮ್ಮೆ ಸುತ್ತಿಕೊಂಡು, ಮೈಯನ್ನು ತುಸು ಹಿಂದಕ್ಕೆ ವಾಲಿಸಿದರು. ನಾರು ಬಿಗಿಯಿತು.

"ಒಂದೇ ಕೈಯಲ್ಲಿ ಕಟ್ತೀರಲ್ಲ?" ಎಂದೆ.

"ಮತ್ತೆ? ಎರಡೂ ಬಿಟ್ರೆ ಬೀಳೂದು ಯಾರು ಮೇಡಂ, ನೀವಾ?" ಅವರು ಕೆಳಗೆ ನೋಡದೆಯೇ ಹೇಳಿದರು.

ಹುಡುಗಿ ನಾರು ಕೊಡುವುದನ್ನು ನಿಲ್ಲಿಸಿದ್ದಳು. ಇಷ್ಟು ವರ್ಷ ನೋಡುತ್ತ ಬಂದದ್ದನ್ನು ಅವಳು ಮತ್ತೆ ನೋಡುತ್ತಿದ್ದಳು. "ಅಪ್ಪಾ, ಇನ್ನೊಂದ್ಸಲ ಕಟ್ಟಿ."

"ಕಟ್ಟಿದ್ದನ್ನ ಎಂಥ ಕಟ್ಟೂದು?"

"ಬಿಚ್ಚಿ ಕಟ್ಟಿ!"

ಅವರು ಗೊಣಗುತ್ತ ಬಿಚ್ಚಿ ಕಟ್ಟಿದರು. ನಾಲ್ಕು ಸಲ.

ತರಗತಿಯಲ್ಲಿ ನಾವು ಕೋಲುಗಳನ್ನು ನೆಲದ ಮೇಲೆ ಮಲಗಿಸಿ ಕಟ್ಟಿಸುತ್ತಿದ್ದೆವು. ತಬ್ಬಿಕೊಳ್ಳಲು ಅಲ್ಲಿ ಮರವೇ ಇರಲಿಲ್ಲ. ನಾನು ಹೊಸ ಪತ್ರ ಬರೆದೆ, ಈ ಸಲ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಒಂದು ಕೋಲನ್ನು ನೆಲದಲ್ಲಿ ನೆಡಬೇಕು. ಸಮಯದ ಮಿತಿ ಬೇಡ. ಹೊರಬೇಕಾದ ಭಾರ ಎಲ್ಲರಿಗೂ ಇರುವಷ್ಟೇ. ಕೊನೆಯ ಸಾಲು ಅವಳು ಹೇಳಿ ಬರೆಸಿದ್ದು.

ಒಪ್ಪಿಗೆ ಬಂತು. ಪರೀಕ್ಷೆಗೆ ವಿರಾಜಪೇಟೆಯಿಂದ ಒಬ್ಬರು ನಿವೃತ್ತ ಮೇಷ್ಟ್ರು ಬಂದರು. ಪತ್ರ ಓದಿ, ಕನ್ನಡಕ ತೆಗೆದು, "ನೆಟ್ಟ ಕೋಲಾ? ಇದು ಎಲ್ಲಿಂದ ಬಂತು?" ಎಂದರು.

"ಮೆಣಸಿನ ತೋಟದಿಂದ ಸರ್," ಎಂದಳು ಅವಳು.

ಅವಳು ಕೋಲನ್ನು ತಬ್ಬಿ ನಿಂತಳು. ಎಡ ಮೊಣಕೈ ಅಡ್ಡಕೋಲನ್ನು ಒತ್ತಿತು. ಪ್ರತಿ ಸುತ್ತಿಗೂ ಹಗ್ಗವನ್ನು ಮುಷ್ಟಿಗೆ ಸುತ್ತಿ ಹಿಂದಕ್ಕೆ ವಾಲಿದಳು. ಮುಗಿದ ಮೇಲೆ ಅಡ್ಡಕೋಲನ್ನು ಅಲ್ಲಾಡಿಸಿ, ಅದು ತುಸು ಕದಲಿದ್ದು ಕಂಡು, ಯಾರೂ ಏನೂ ಹೇಳುವ ಮೊದಲೇ ಎಲ್ಲ ಬಿಚ್ಚಿದಳು. ಮೇಷ್ಟ್ರು, "ಪರವಾಗಿಲ್ಲ ಬಿಡಮ್ಮ, ಸಾಕು" ಎಂದರು. ಅವಳು ಕೇಳಿಸಿಕೊಳ್ಳಲಿಲ್ಲ. ಎರಡನೇ ಸಲ ಕಟ್ಟಿ, ತಾನೇ ನೀರು ತುಂಬಿದ ಬಕೆಟ್ ತಂದು ತೂಗುಹಾಕಿದಳು. ಕೋಲು ಕದಲಲಿಲ್ಲ.

ಮೇಷ್ಟ್ರು ತಮ್ಮ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ತಾವೂ ಒಮ್ಮೆ ಕಟ್ಟಲು ಹೋದರು. ಹಗ್ಗ ಕಾಲಿನ ಮೇಲೆ ಬಿತ್ತು. "ಸರ್, ಫೇಲ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಅವರೂ ನಕ್ಕರು, ಪಟ್ಟಿಗೆ ಸಹಿ ಹಾಕಿದರು. ವಿನಾಯಿತಿ ಎಂಬ ಕಾಲಂನಲ್ಲಿ ನಾನು "ಇಲ್ಲ" ಎಂದು ಬರೆದೆ.

ಅವಳು ಅಲ್ಲೇ ನಿಂತಿದ್ದಳು.

"ಸರ್, ಟೈಮ್ ಉಂಟಾ? ಹಳೇದೂ ಬಾಕಿ ಉಂಟು."

"ಯಾವ ಹಳೇದು?"

ಅವಳು ಸಣ್ಣ ಹಗ್ಗ ತೆಗೆದುಕೊಂಡು, ಹಿಂದಿನ ಶಾಲೆಯಲ್ಲಿ ಯಾರೂ ಕಟ್ಟಲು ಬಿಡದಿದ್ದ ಆ ಗಂಟುಗಳನ್ನು ಒಂದೊಂದಾಗಿ ಕಟ್ಟತೊಡಗಿದಳು, ಅದೇ ಕೋಲಿಗೆ, ಮೇಲಿನಿಂದ ಕೆಳಕ್ಕೆ. ಟೀಚರ್ ನನ್ನ ಕಡೆ ನೋಡಿದರು. ನನ್ನ ಪಟ್ಟಿಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ನಾನು ಸ್ಕೇಲ್ ತೆಗೆದು, ಹಾಳೆಯ ಬದಿಯಲ್ಲಿ ಒಂದು ಹೊಸ ಕಾಲಂ ಎಳೆದೆ.