ತಾಟಿಗೆ ಸೋತವಳು

ಹೋದ ವಾರ ಅಬ್ಬಿಗೇರಿಯ ಒಂದು ಮದುವೆಯಲ್ಲಿ, ಇನ್ನೇನು ಅಕ್ಕಿಕಾಳು ಬೀಳಬೇಕು ಎನ್ನುವಾಗ, ಧೂಳು ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ವಿಡಿಯೋದ ಹುಡುಗ ಹಳೆಯ ಕಾಲದ ಹ್ಯಾಲೊಜೆನ್ ಲೈಟು ಹಚ್ಚಿದ್ದ. ಎಲ್‌ಇಡಿ ಕೆಟ್ಟಿತ್ತಂತೆ. ಪಕ್ಕದಲ್ಲಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಆ ವಾಸನೆಯ ಹಿಂದೆ ನನಗೆ ಯಾವಾಗಲೂ ಒಬ್ಬರ ಮುಖ ಕಾಣುತ್ತದೆ.

ಗಜೇಂದ್ರಗಡದಲ್ಲಿ ನಮ್ಮ ಓಣಿಯ ತುದಿಗೆ ಅವರ ಫೋಟೋ ಸ್ಟುಡಿಯೋ ಇತ್ತು. ಓಣಿಗೆಲ್ಲ ಅವರು ವಿಡಿಯೋ ಕಾಕಾ. ಸುತ್ತಲಿನ ಹಳ್ಳಿಗಳ ಮದುವೆಗಳೆಲ್ಲ ಅವರ ಕ್ಯಾಮೆರಾದ ಮುಂದೆಯೇ ಆಗುತ್ತಿದ್ದವು. ಅವರದೊಂದು ಪದ್ಧತಿ ಇತ್ತು. ಯಾವುದನ್ನೂ ಒಂದೇ ಸಲಕ್ಕೆ ಬಿಡುತ್ತಿರಲಿಲ್ಲ. ಮಾಲೆ ಹಾಕಿದ್ದು ಸರಿಬರಲಿಲ್ಲವೆಂದು ತೆಗೆಸಿ ಮತ್ತೆ ಹಾಕಿಸುತ್ತಿದ್ದರು. ಹೆಣ್ಣು ಒಪ್ಪಿಸಿ ಕೊಡುವಾಗ ತಾಯಿ ಅತ್ತರೆ, ಸೆರಗು ಅಡ್ಡ ಬಂತೆಂದು, "ಇನ್ನೊಮ್ಮೆ ಅಳ್ರಿ ಅಕ್ಕಾರ, ಚಲೋ ಬರಲಿಲ್ಲ" ಅನ್ನುತ್ತಿದ್ದರು. ಆ ತಾಯಿ ಅಳುತ್ತಿದ್ದಳು ಕೂಡ! ಅವರು "ಇನ್ನೊಮ್ಮೆ" ಅಂದರೆ ಇಲ್ಲ ಎನ್ನುವುದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಆಗ ಕಾಲೇಜು ಮುಗಿಸಿ, ಸಂಜೆ ಶಾಲೆಯೊಂದರ ಹಾಲಿನಲ್ಲಿ ಐದು ಹುಡುಗಿಯರಿಗೆ ಟೇಬಲ್ ಟೆನ್ನಿಸ್ ಕಲಿಸುತ್ತಿದ್ದೆ. ಆಡಿದ ಪ್ರತಿ ಆಟವನ್ನೂ ದಿನಚರಿಯಲ್ಲಿ ಬರೆದಿಡುವುದು ನನ್ನ ರೂಢಿ. ಎಡಕ್ಕೆ ಗೆದ್ದದ್ದು, ಬಲಕ್ಕೆ ಸೋತದ್ದು. ಕಾಕಾ ಒಂದು ದಿನ ಹಾಲಿಗೆ ಬಂದು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಯೂಟ್ಯೂಬಿಗೆ ಒಂದು ನಗೆ ಸಿನಿಮಾ ಮಾಡುತ್ತೇನೆ ಅಂದರು. ಕಲ್ಯಾಣ ಮಂಟಪದಲ್ಲಿ ಊಟ ಬಡಿಸುವವನೊಬ್ಬ ಬ್ಯಾಟು ಇಲ್ಲದೆ ಊಟದ ತಾಟಿನಲ್ಲಿ ಟೇಬಲ್ ಟೆನ್ನಿಸ್ ಆಡಿ ದೊಡ್ಡ ದೊಡ್ಡವರನ್ನು ಸೋಲಿಸುವ ಕಥೆ. ಬಡಿಸುವವನು ಸ್ವತಃ ಅವರೇ. ಕೊನೆಯಲ್ಲಿ ಎದುರಾಗುವ ಚಾಂಪಿಯನ್ ನಾನು.

"ಕೊನಿಗೆ ಯಾರ ಗೆಲ್ತಾರ್ರಿ?" ಎಂದು ಮೊದಲೇ ಕೇಳಿದೆ.

"ನೀನ ನನ್ನವ್ವಾ. ಈ ಹೊಟ್ಟಿ ಹೊತ್ಕೊಂಡ ನಾ ಗೆದ್ರ ಮಂದಿ ನಂಬ್ತಾರೇನು?"

ಮಂಟಪದ ಊಟದ ಟೇಬಲ್ಲುಗಳನ್ನೇ ಜೋಡಿಸಿ, ಹಳೆಯ ಸೊಳ್ಳೆ ಪರದೆ ಕತ್ತರಿಸಿ ನಡುವೆ ಕಟ್ಟಿದ್ದರು. ಚೆಂಡು ಟೇಬಲ್ಲುಗಳ ಸಂದಿಗೆ ಬಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಅವರು ನಟಿಸಲಿಲ್ಲ, ಖರೆಯೇ ಆಡಿದರು. ತಾಟಿನಲ್ಲಿ ಅಷ್ಟು ಆಡಿದ್ದೇ ಹೆಚ್ಚು. ಹನ್ನೊಂದು–ನಾಲ್ಕಕ್ಕೆ ನಾನು ಗೆದ್ದೆ. ಬೆವರು ಒರೆಸಿಕೊಳ್ಳುತ್ತಿದ್ದಾಗ, "ಇನ್ನೊಮ್ಮೆ" ಅಂದರು. ಈ ಸಲ ನಾನು ಚೆಂಡು ಬಿಟ್ಟು ಹಿಂದಕ್ಕೆ ಜಾರಿ ಬೀಳಬೇಕು. ಸುಮ್ಮನೆ ಹೆಚ್ಚಿಗೆ ಇರಲಿ, ಎಲ್ಲಾದರೂ ಮೂಲೆಗೆ ಹಾಕುತ್ತೇನೆ ಅಂದರು. ಲೈಟಿನ ಮೇಲೆ ಧೂಳು ಸುಡುತ್ತಿತ್ತು... ನಾನು ಜಾರಿ ಬಿದ್ದೆ. ಚಲೋ ಬರಲಿಲ್ಲವೆಂದು ಮತ್ತೂ ಒಮ್ಮೆ ಬಿದ್ದೆ.

ಮಂಟಪದಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸಿದ ದಿನ ನಾನು ಅವ್ವನೊಂದಿಗೆ ಮುಂದಿನ ಸಾಲಿನಲ್ಲಿ ಕೂತಿದ್ದೆ. ಕೊನೆಯ ಪಾಯಿಂಟು ಬಂತು. ಪರದೆಯ ಮೇಲೆ ನಾನು ಕಾಲು ಮೇಲೆ ಮಾಡಿ ಬಿದ್ದೆ. ಕಾಕಾ ತಾಟು ಎತ್ತಿ ಕುಣಿದರು. ಮಂಟಪ ಹಾರಿ ಹೋಗುವಂತೆ ಜನ ನಕ್ಕರು. ಗೆದ್ದ ಆಟವನ್ನು ಅವರು ಎಲ್ಲಿಯೂ ಹಾಕಿರಲಿಲ್ಲ.

ಮರುದಿನದಿಂದ ನಾನು ತಾಟಿಗೆ ಸೋತವಳಾದೆ. ನರಗುಂದದ ಪಂದ್ಯಕ್ಕೆ ಹೋದರೆ, ನನ್ನ ಪ್ರತಿ ಸರ್ವಿಸಿಗೂ ರೋಣದ ಹುಡುಗರು "ತಾಟ ತರ್ರಲೇ!" ಎಂದು ಕೂಗಿದರು. ನನಗಿಂತ ಎಷ್ಟೋ ಕಚ್ಚಾ ಹುಡುಗಿಯ ಎದುರು ಸೋತು ಬಂದೆ. ಅದನ್ನಾದರೂ ಸಹಿಸಿದ್ದೆ. ಆದರೆ ನನ್ನ ಐವರಲ್ಲಿ ಮೂವರು ಬರುವುದು ನಿಂತಿತು. ಅವರಲ್ಲಿ ಒಬ್ಬಳ ಅಪ್ಪ ಬಜಾರಿನಲ್ಲಿ ಎದುರಿಗೆ ಸಿಕ್ಕು, "ತಾಟಿಗೆ ಸೋತಾಕಿ ಕಡೆ ನನ್ನ ಮಗಳು ಏನ್ ಕಲೀತಾಳವಾ?" ಎಂದು ನಗುತ್ತಲೇ ಕೇಳಿದ. ಆ ಸಂಜೆ ದಿನಚರಿಯಲ್ಲಿ ಗೆಲುವಿನ ಕಡೆಗೂ ಸೋಲಿನ ಕಡೆಗೂ ಏನೂ ಬರೆಯಲಿಲ್ಲ. ನಡುವೆ ಕಾಕಾನ ಹೆಸರು ಬರೆದು ಕೆಳಗೆ ಗೆರೆ ಎಳೆದೆ.

ನೇರ ಸ್ಟುಡಿಯೋಕ್ಕೆ ಹೋದೆ. ಅವರು ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದರು.

"ನಾನು ಗೆದ್ದೀನಂತ ಮಂದಿ ಎದುರಿಗೆ ಹೇಳ್ರಿ. ನಿಮ್ಮ ಬಾಯಿಲೇ."

"ಸಿನಿಮಾಕ್ಕ ಯಾರರ ಸಿಟ್ಟಾಗ್ತಾರೇನವಾ?" ಎಂದರು. ನಾನು ನಗಲಿಲ್ಲ. ಕತ್ತರಿ ಕೆಳಗಿಟ್ಟರು. "ಹೇಳ್ತೀನಿ ಬಿಡು. ಹೇಳಾಕ ನನಗೇನಾಗೇತಿ?"

ಮಾತು ಉಳಿಸಿಕೊಂಡರು. ಅದೇ ವಾರ ಒಂದು ಆರತಕ್ಷತೆಯಲ್ಲಿ ನನ್ನನ್ನು ಕರೆಸಿ, ಕ್ಯಾಮೆರಾ ಬೇರೆಯವರ ಕೈಗೆ ಕೊಟ್ಟು, ಮೈಕು ಹಿಡಿದರು. "ಖರೇ ಹೇಳ್ತೀನ್ರೀ, ಈ ಹುಡುಗಿ ನನ್ನ ಸೋಲ್ಸ್ಯಾಳ. ಹನ್ನೊಂದು–ನಾಲ್ಕು." ಜನ ಗೊಳ್ಳೆಂದು ನಕ್ಕರು. ಅವರು ಕೈ ಎತ್ತಿ, "ನಗಬ್ಯಾಡ್ರೀ, ಖರೇನ ಹೇಳಾಕತ್ತೀನಿ" ಅಂದರು. ಮದುಮಗ ಹೊಟ್ಟೆ ಹಿಡಿದುಕೊಂಡ. ಮೂರನೆಯ ಸಲ ಹೇಳುವಾಗ ಅವರ ದನಿ ಏರಿತ್ತು. ಆಗಂತೂ ಮಕ್ಕಳು ಶಿಳ್ಳೆ ಹೊಡೆದರು. ಕೆಳಗಿಳಿದು ಬಂದು ನನ್ನ ಪಕ್ಕದಲ್ಲಿ ಕೂತರು. "ನಾ ಅತ್ರೂ ನಗತಾವವಾ ಈ ಮಂದಿ" ಅಂದರು. ಆ ಮುಖದಲ್ಲಿದ್ದದ್ದು ಬೇಸರವೋ, ಅದೂ ಒಂದು ನಟನೆಯೋ ನನಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ. ನನ್ನ ಕಿವಿಯಲ್ಲಿ ಆ ನಗೆ ಮಾತ್ರ ತುಂಬಿತ್ತು.

"ಹಂಗಾರ ಆಡೂಣು ಬರ್ರಿ. ಅದ ಮಂಟಪದಾಗ, ಎಲ್ಲಾರ ಎದುರಿಗೆ. ಇನ್ನೊಮ್ಮೆ ಅನ್ನೂದಿಲ್ಲ ಮತ್ತ."

ಮದುವೆ ಸೀಸನ್ ಮುಗಿಯಲಿ ಎಂದರು.

ನಾನು ಕಾಯುತ್ತಾ ಕೂರಲಿಲ್ಲ. ಅವ್ವನ ಕೈಗೆ ತಾಟು ಕೊಟ್ಟು ಎದುರಿಗೆ ನಿಲ್ಲಿಸಿಕೊಂಡೆ. ರಬ್ಬರಿನಿಂದ ಬರುವ ಚೆಂಡು ಬೇರೆ, ಸ್ಟೀಲಿನಿಂದ ಬರುವ ಚೆಂಡು ಬೇರೆ. ತಾಟು ಸ್ವಲ್ಪ ಓರೆಯಾದರೂ ಚೆಂಡು ಬಲಕ್ಕೆ ಹಾರುತ್ತಿತ್ತು. ನಡುವಿನ ಜಾಳಿಗೆಯ ಹತ್ತಿರ ಬಿದ್ದು ಏಳದೆ ಒಳಕ್ಕೆ ತಿರುಗುವ ಒಂದು ಸರ್ವಿಸು ಕಟ್ಟಿದೆ. ಅದನ್ನು ತಾಟಿನಲ್ಲಿ ಎತ್ತಲು ಸಾಧ್ಯವೇ ಇರಲಿಲ್ಲ. "ನಿನ್ನ ಸಿಟ್ಟಿಗೆ ನನ್ನ ತಾಟೆಲ್ಲ ಸೊಟ್ಟಾದುವು. ಉಣ್ಣೂದ್ಯಾತರಾಗ?" ಎಂದು ಅವ್ವ ಬೈದಳು. ನಾನು ಮನಸ್ಸಿನಲ್ಲಿ ಹನ್ನೊಂದು–ಸೊನ್ನೆ ಎಣಿಸುತ್ತಿದ್ದೆ. ಒಂದು ಪಾಯಿಂಟನ್ನೂ ಬಿಟ್ಟುಕೊಡಬಾರದು. ನಗುವುದಕ್ಕೆ ಜನರಿಗೆ ಒಂದು ಕ್ಷಣವನ್ನೂ ಕೊಡಬಾರದು. ರಾತ್ರಿ ಕಣ್ಣು ಮುಚ್ಚಿದರೆ ತಾಟು ಕೆಳಗೆ ಬಿದ್ದು ಸದ್ದು ಮಾಡುತ್ತಾ ಸುತ್ತುವುದು ಕಾಣುತ್ತಿತ್ತು. ಅಷ್ಟು ಸಿಹಿಯಾದ ಕನಸು ನಾನು ಬೇರೆ ಕಂಡಿಲ್ಲ.

ಆ ಸೀಸನ್ನಿನ ಕೊನೆಯ ಮದುವೆಗಳಲ್ಲೊಂದು ಚಿಕ್ಕನರಗುಂದದಲ್ಲಿತ್ತು. ಸೆಖೆಯೆಂದು ಕುರ್ಚಿಯಲ್ಲಿ ಕೂತ ಕಾಕಾ ಏಳಲಿಲ್ಲವಂತೆ. ನರಗುಂದದ ದವಾಖಾನಿಗೆ ಒಯ್ಯುವಷ್ಟರಲ್ಲಿ...

ಸುದ್ದಿ ಕೇಳಿ ನಾನು ಮೊದಲು ಅಳಲಿಲ್ಲ. ಬ್ಯಾಟು ಗೋಡೆಗೆ ಎಸೆದೆ.

ಶ್ರದ್ಧಾಂಜಲಿ ಸಭೆ ಅದೇ ಮಂಟಪದಲ್ಲಿ ನಡೆಯಿತು. ಅವರ ಸಿನಿಮಾ ಹಾಕಿದರು. ಜನ ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಜಾರಿ ಬೀಳುವುದು ಬಂದಾಗ ಎಲ್ಲರೂ ಹಿಂತಿರುಗಿ ನನ್ನನ್ನು ನೋಡಿದರು, ಯಾರೋ ಮೈಕು ತಂದು ಕೈಗೆ ಕೊಟ್ಟರು. ಇನ್ನು ಬೇರೆ ಸಂದರ್ಭ ಸಿಗುವುದಿಲ್ಲ ಅನ್ನಿಸಿತು. ಅವರ ಫೋಟೋ ನೋಡಿಕೊಂಡೇ ಹೇಳಿದೆ: "ಆವತ್ತ ನಾನ ಗೆದ್ದೀನ್ರಿ. ಹನ್ನೊಂದು–ನಾಲ್ಕು. ಇವರು ಸುಳ್ಳ ತೋರ್ಸ್ಯಾರ."

ಹಿಂದಿನಿಂದ ಯಾರೋ ನಕ್ಕರು. ನಂತರ ಇಡೀ ಮಂಟಪ.

ಅವರ ಮಗಳು ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಅವಳೂ ನಗುತ್ತಿದ್ದಳು, ಮುಖವೆಲ್ಲ ಒದ್ದೆಯಾಗಿತ್ತು. "ಅಪ್ಪಾನೂ ಮನ್ಯಾಗ ದಿನಾ ಇದನ್ನ ಹೇಳ್ತಿದ್ದರಕ್ಕಾ. ಆ ಹುಡುಗೀದು ತಪ್ಪು ತೋರ್ಸೀನಿ ಅಂತ. ನಾವು ಆವಾಗ್ಲೂ ನಗ್ತಿದ್ವಿ."

ಕಾಕಾ ನನ್ನನ್ನು ಊರಿಗೆಲ್ಲ ನಗೆಗೀಡು ಮಾಡಿದ್ದನ್ನು ನಾನು ಕ್ಷಮಿಸಿಲ್ಲ, ಇಂದಿಗೂ ಇಲ್ಲ. ಅವರು ಹೋದ ಮೇಲೆ ಆ ಸಿನಿಮಾ ನೋಡುವವರು ಇನ್ನೂ ಹೆಚ್ಚಾಗಿದ್ದಾರೆ. ದಿನಕ್ಕೊಬ್ಬರಾದರೂ ಹೊಸಬರು ನಾನು ಬೀಳುವುದನ್ನು ನೋಡುತ್ತಾರೆ. ಎದುರಿಗೆ ಬಂದರೆ ಇವತ್ತೂ ಸೊನ್ನೆಗೆ ಸೋಲಿಸಿ ಕಳಿಸುತ್ತೇನೆ. ಆದರೆ ಎದುರಿಗೆ ಬರಬೇಕಲ್ಲ...

ಈಗ ನನ್ನ ಹತ್ತಿರ ಮತ್ತೆ ಆರು ಹುಡುಗಿಯರಿದ್ದಾರೆ. ನಿನ್ನೆ ಸಂಜೆ ಅವರಲ್ಲಿ ದೊಡ್ಡವಳಿಗೆ ಆ ಸರ್ವಿಸು ಹಾಕಿದೆ. ಅವಳು ಬ್ಯಾಟು ಹಿಡಿದು ಬಗ್ಗಿದಳು, ಚೆಂಡು ಒಳಕ್ಕೆ ತಿರುಗಿ ಹೋಯಿತು. ಮೂರು ಸಲ ಹಾಗೇ ಆಯಿತು.

"ಇದನ್ನ ಯಾರ ಸಲುವಾಗಿ ಕಲ್ತೀರಿ ಅಕ್ಕಾರ?"

"ಇದ್ದರು ಒಬ್ಬರು."

"ಸೋತ್ರೇನ್ರಿ ಅವರು?"

"ಇಲ್ಲ," ಅಂದೆ. "ತಪ್ಪಿಸ್ಕೊಂಡ್ರು."