ಖಾನಾಪುರದಿಂದ ಒತ್ತುವವರು

ಉದ್ಯಮಬಾಗದ ಆ ಫೌಂಡ್ರಿ ಮಾಲೀಕರು ಮೌಸ್ ಹಿಡಿದಾಗಲೂ ತೋರುಬೆರಳನ್ನು ಮೇಲೆತ್ತಿಯೇ ಇಡುತ್ತಿದ್ದರು. ಇಂಟರ್ನೆಟ್ಟಿನಲ್ಲಿದ್ದ ಅವರ ಪಂಪಿನ ಜಾಹೀರಾತನ್ನು ಯಾರು ಒತ್ತಿದರೂ ದುಡ್ಡು ಹೋಗುವುದು ಅವರದೇ. ದಿನಕ್ಕೆ ಇಟ್ಟ ದುಡ್ಡಿನ ಮಿತಿ ಮುಗಿದರೆ ಜಾಹೀರಾತು ಮಾಯ. ಕೊಳ್ಳುವವರು ಹುಡುಕುವ ಹೊತ್ತಿಗೆ ಅದು ಇರುತ್ತಲೇ ಇರಲಿಲ್ಲ, ಆರ್ಡರ್ ನಿಂತಿದ್ದವು.

“ಯಾರೋ ಒತ್ತಾಕತ್ತಾರ್ರೀ,” ಎನ್ನುತ್ತಿದ್ದರು, ಬಾಜೂ ಫೌಂಡ್ರಿಯನ್ನೇ ನೋಡುತ್ತ.

ಅವರ ಕಂಪ್ಯೂಟರ್ ಕೆಲಸ ನೋಡುತ್ತಿದ್ದ ನಾನು ವಾದಕ್ಕಿಳಿಯುತ್ತಿದ್ದೆ. ಲಾಭ ಇದ್ದವರೇ ಕಳ್ಳರು ಅನ್ನುವುದಕ್ಕೆ ಪುರಾವೆ ಎಲ್ಲಿದೆ?

ಒಂದು ಮುಂಜಾನೆ ಖಾನಾಪುರದಿಂದ ಅವರ ಹೆಂಡತಿಯ ತಮ್ಮ ಫೋನ್ ಮಾಡಿದ. ದನಿ ನನಗೂ ಕೇಳುವಷ್ಟು ಜೋರಿತ್ತು.

“ಮಾಮಾ, ಇಲ್ಲಿ ಇಂಟರ್ನೆಟ್ ಕೆಫೆ ಬಾಗಲಾ ತೆಗದಕೂಡ್ಲೆ ನಮ್ಮ ಮಂದಿ ಹೋಗಿ ನಿಮ್ಮ ಜಾಹೀರಾತು ಒತ್ತತಾರ. ಅಪ್ಪಾರಂತೂ ಒತ್ತದೇ ಚಾ ಕುಡಿಯಂಗಿಲ್ಲ. ಒತ್ತಿದಷ್ಟೂ ಧಂದೆ ಬೆಳಿತೈತಿ, ಹೌದಿಲ್ರಿ?”

ಮಾಲೀಕರು ರಿಸೀವರಿಗೆ ಅಂಗೈ ಅಡ್ಡ ಹಿಡಿದರು. “ಬ್ಯಾಡ ಅನ್ರಿ,” ಎಂದೆ.

“ಮಾವಾರಿಗೆ ಹ್ಯಾಂಗ ಅನ್ಲಿ? ನಿಮಗ ಲಗ್ನ ಆಗಿಲ್ಲ, ಸುಮ್ಕಿರ್ರಿ.”

ಜಾಹೀರಾತು ಕಂಪನಿಗೆ ಬರೆದು, ಆ ಕೆಫೆಗೆ ಅದು ಕಾಣದಂತೆ ಗುಟ್ಟಾಗಿ ಮಾಡಿಸಿದೆವು. ಆರ್ಡರ್ ಮತ್ತೆ ಬರತೊಡಗಿದವು. ಮಾವನವರೂ ಬಂದರು, ಬಸ್ಸಿಳಿದು ನೇರ ಕುಲುಮೆಯ ಬಳಿಗೆ. ಅದು ಉರಿಯುತ್ತಿತ್ತು. ಅವರು ಅಲ್ಲೇ ಕುಳಿತುಬಿಟ್ಟರು.

“ಕಂಪ್ಯೂಟರನ್ಯಾಗ ನಿಮ್ಮ ಹೆಸರಽ ಕಾಣವಲ್ದು. ಎಲ್ಲಾ ಮುಳುಗೇತಿ ಅನಕೊಂಡ ಮಗಳನ್ನ ಕರಕೊಂಡ ಹೋಗಾಕ ಬಂದ್ನಿ.”

ಮಾಲೀಕರು ಅವರಿಗೆ ಚಾ ತರಿಸಿ, ನನ್ನನ್ನು ಹೊರಗೆ ಕರೆದರು.

“ನಾಳಿಂದ ಖಾನಾಪುರಕ್ಕ ಕಾಣೂಹಂಗ ಮಾಡ್ರಿ.”

ನನ್ನ ಬಳಿ ಸರಿಯಾದ ವಾದವಿತ್ತು. ಅವರ ಮುಖ ನೋಡಿ, ಹೂಂ ಅಂದೆ.