ಅತ್ತೆ ಎಸೆದ ಚೆಂಡುಗಳು

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಸೂಜಿ ಮುರಿದರೂ ‘ಮೆಕ್ಯಾನಿಕ್’, ಬೆಲ್ಟು ಸಡಿಲವಾದರೂ ‘ಮೆಕ್ಯಾನಿಕ್’, ಎಣ್ಣೆ ಸೋರಿ ಕಾಲರಿಗೆ ಕಲೆಯಾದರೂ ‘ಮೆಕ್ಯಾನಿಕ್’. ಸಾಲು ಸಾಲು ಹೊಲಿಗೆ ಯಂತ್ರಗಳ ನಡುವೆ ದಿನವಿಡೀ ಬಗ್ಗಿ ಎದ್ದು ಸಂಜೆ ಮನೆ ಸೇರುವ ಹೊತ್ತಿಗೆ ಸೊಂಟ ಬೇರೆ ಯಾರದ್ದೋ ಅನ್ನಿಸುತ್ತಿತ್ತು. ವಯಸ್ಸು ಐವತ್ತು ದಾಟಿತ್ತು. ಬಲ ಮಂಡಿ ಬೇಕೆಂದಾಗಲೆಲ್ಲ ಕೈಕೊಡುತ್ತಿತ್ತು.

ಆದರೂ ಟೇಬಲ್ ಟೆನಿಸ್ ಬಿಟ್ಟಿರಲಿಲ್ಲ. ಊಟದ ವಿರಾಮದಲ್ಲಿ ಜೊತೆಗೆ ಆಡುತ್ತಿದ್ದ ಕಟಿಂಗ್ ಮಾಸ್ಟರ್ ನಿವೃತ್ತನಾಗಿ ಮಗಳ ಮನೆಗೆ ಹೋದ ಮೇಲೆ ಅಭ್ಯಾಸಕ್ಕೆ ಜನವೇ ಇಲ್ಲದಂತಾಯಿತು. ವರ್ಷಕ್ಕೊಮ್ಮೆ ನಡೆಯುವ ಕಾರ್ಖಾನೆಯ ಪಂದ್ಯದಲ್ಲಿ ಸ್ಟೋರ್‌ಕೀಪರ್ ಅವನಿಗೆ ತಪ್ಪದೆ ನೀರು ಕುಡಿಸುತ್ತಿದ್ದ. ದಪ್ಪಗಿನ ಆಸಾಮಿ, ನಿಂತಲ್ಲಿಂದ ಕದಲುತ್ತಿರಲಿಲ್ಲ. ಚೆಂಡನ್ನು ಯಾವ ಕಡೆ ತಳ್ಳುತ್ತಾನೆ ಅನ್ನುವುದು ಮಾತ್ರ ಕೊನೆಯ ಗಳಿಗೆಯವರೆಗೂ ತಿಳಿಯುತ್ತಿರಲಿಲ್ಲ.

ಹೀಗಿರುವಾಗ, ಬಾಗಿಲು ಹಾಕುತ್ತಿದ್ದ ಒಂದು ಕ್ಲಬ್ಬಿನವರು ಕೆಟ್ಟುಹೋದ ಟೇಬಲ್ ಟೆನಿಸ್ ರೋಬೋಟನ್ನು ಗುಜರಿಗೆ ಹಾಕಲು ಹೊರಟಿದ್ದರು. ಅವನು ಅದನ್ನೂ ಒಂದು ಹಳೇ ಟೇಬಲನ್ನೂ ಕೇಳಿ ತಂದ. ರೋಬೋಟ್ ಅಂದರೆ ಕೈಕಾಲಿರುವ ಬೊಂಬೆಯಲ್ಲ. ಚೆಂಡು ತುಂಬುವ ಬಕೆಟ್ಟು, ಅದರ ಮೇಲೊಂದು ಕೊಳವೆ, ಕೊಳವೆಯ ಬಾಯಲ್ಲಿ ಚೆಂಡನ್ನು ಒತ್ತಿ ಎಸೆಯುವ ರಬ್ಬರ್ ಗಾಲಿ, ಅಷ್ಟೇ. ಆದರೆ ಟೇಬಲ್ ಹಿಡಿಸುವುದು ನಡುಮನೆಯಲ್ಲಿ ಮಾತ್ರ, ಅಲ್ಲಿ ಅತ್ತೆಯ ಮಂಚವಿತ್ತು.

ಹೆಂಡತಿಯ ತಾಯಿ ಅವರು. ಬಿದ್ದು ಸೊಂಟ ಮುರಿದುಕೊಂಡು ಮಗಳ ಮನೆಗೆ ಬಂದವರು ಇಲ್ಲೇ ಉಳಿದಿದ್ದರು. ಮೂಳೆ ಕೂಡಿಕೊಂಡಿದ್ದರೂ ನಡೆಯಲು ಮನಸ್ಸಿರಲಿಲ್ಲ. ಕಣ್ಣಿಗೆ ಪೊರೆ ಬಂದು ಎದುರಿಗಿದ್ದವರು ನೆರಳಿನಂತೆ ಕಾಣುತ್ತಿದ್ದರು. ಹೆಂಡತಿಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಮಧ್ಯಾಹ್ನದ ಪಾಳಿ, ಹಾಗಾಗಿ ಸಂಜೆ ಮನೆಯಲ್ಲಿ ಅತ್ತೆ, ಅಳಿಯ ಇಬ್ಬರೇ.

“ನಿಮ್ಮ ಪಕ್ಕದಲ್ಲೇ ಟೇಬಲ್ ಹಾಕ್ಲಾ ಅತ್ತೆ? ಗಲಾಟೆ ಆಗುತ್ತೆ.”

“ಹಾಕಿ ಅಳಿಯಂದ್ರೇ. ಗೋಡೆ ನೋಡ್ಕೊಂಡು ಮಲಗೋದಕ್ಕಿಂತ ಗಲಾಟೆ ವಾಸಿ.”

ರೋಬೋಟ್ ಸರಿಹೋಯಿತು. ಆದರೆ ಒಂದೇ ಜಾಗಕ್ಕೆ ಒಂದೇ ವೇಗದಲ್ಲಿ ಎಸೆಯುತ್ತಿತ್ತು. ಹಾಗೆ ಆಡುವ ಮನುಷ್ಯ ಎಲ್ಲಿ ಸಿಗುತ್ತಾನೆ? ಅವನು ಕೊಳವೆಯ ಕೆಳಗೊಂದು ಮೋಟಾರ್ ಕೂರಿಸಿ ಅದು ಎಡಬಲ ಹೊರಳುವಂತೆ ಮಾಡಿದ. ಅದೂ ಸರದಿ ತಪ್ಪದೆ ಹೊರಳತೊಡಗಿದಾಗ, ಲೆಕ್ಕ ತಪ್ಪಿಸಲೆಂದು ಹಲ್ಲು ಮುರಿದ ಚಕ್ರವೊಂದನ್ನು ಸೇರಿಸಿದ. ಕೆಲವು ವಾರಗಳಲ್ಲಿ ಯಾವ ಚೆಂಡು ಬಂದರೂ ಅವನ ಬ್ಯಾಟು ಅಲ್ಲಿರುತ್ತಿತ್ತು. ಹುರುಪು ಬಂದು ಸ್ಟೋರ್‌ಕೀಪರನನ್ನು ಸುಮ್ಮನೆ ಒಂದು ಆಟಕ್ಕೆ ಕರೆದ. ಹಿಗ್ಗಾಮುಗ್ಗಾ ಸೋತ.

“ಮನೇಲಿ ಒಂದೂ ತಪ್ಪಲ್ಲ, ಅಲ್ಲಿಗೆ ಹೋದ್ರೆ ಕೈ ಕಟ್ಟಿಹಾಕಿದ ಹಾಗಾಗುತ್ತೆ,” ಎಂದು ಶೂ ಬಿಚ್ಚುತ್ತಾ ಗೊಣಗಿದ.

“ಆ ಮನುಷ್ಯ ಸದ್ದು ಮಾಡಲ್ವಲ್ಲ, ಅದಕ್ಕೇ,” ಅಂದರು ಅತ್ತೆ.

“ಯಾವ ಸದ್ದು?”

“ನಿಮ್ಮ ಮೆಷಿನ್ನು ಎಡಕ್ಕೆ ಎಸೆಯೋ ಮುಂಚೆ ಕಿರ್ ಅನ್ನುತ್ತೆ, ಬಲಕ್ಕಾದ್ರೆ ಟಕ್ ಅನ್ನುತ್ತೆ. ಸರಿಯಾಗಿ ಕಣ್ಣು ಕಾಣದ ನನಗೇ ಗೊತ್ತಾಗುತ್ತೆ.”

ಅವನಿಗೆ ರೇಗಿತು. ಆದರೂ ಕಿವಿಗೆ ಹತ್ತಿ ತುರುಕಿಕೊಂಡು ಆಡಿ ನೋಡಿದ. ಅರ್ಧಕ್ಕರ್ಧ ಚೆಂಡುಗಳು ಪಕ್ಕದಲ್ಲೇ ಹಾದುಹೋಗಿ ಗೋಡೆಗೆ ಬಡಿದವು. ಇಷ್ಟು ದಿನ ಕಿವಿ ಆಡಿತ್ತು, ಕಣ್ಣು ಸುಮ್ಮನಿತ್ತು. ಅವನು ಮಂಚದ ಅಂಚಿನಲ್ಲಿ ಕುಸಿದು ಕೂತ. ಹೊಸದಾಗಿ ಏನಾದರೂ ಮಾಡುವ ತ್ರಾಣವೂ ಉಳಿದಿರಲಿಲ್ಲ.

ಮರುದಿನ ಕೆಟ್ಟ ಯಂತ್ರವೊಂದರ ಅಡಿಯಲ್ಲಿ ಮಲಗಿದ್ದಾಗ, ಪಕ್ಕದಲ್ಲಿ ಹೊಲಿಯುತ್ತಿದ್ದವಳ ಪಾದ ಕಣ್ಣಿಗೆ ಬಿತ್ತು. ಪೆಡಲ್ ಮೇಲೆ ಸುಮ್ಮನೆ ಕೂತಿದ್ದ ಪಾದ ಯಾವಾಗ ಒತ್ತುತ್ತದೆ, ಎಷ್ಟು ಒತ್ತುತ್ತದೆ ಅನ್ನುವುದು ಆ ಪಾದಕ್ಕೇ ಗೊತ್ತು. ಸಂಜೆ ಅವನು ಮೇಲ್ವಿಚಾರಕನನ್ನು ಕೇಳಿ ಮೂಲೆ ಸೇರಿದ್ದ ಒಂದು ಹಳೇ ಪೆಡಲನ್ನು ಮನೆಗೆ ತಂದ. ಹೊರಳಿಸುವ ಮೋಟಾರನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ಕೊಳವೆಯನ್ನು ಕೈಯಿಂದ ಹೊರಳಿಸಲು ಒಂದು ಉದ್ದದ ಹಿಡಿ ಕಟ್ಟಿದ. ಒತ್ತಿದಷ್ಟೂ ಜೋರಾಗಿ ತಿರುಗಲೆಂದು ರಬ್ಬರ್ ಗಾಲಿಯ ತಂತಿಯನ್ನು ಪೆಡಲಿಗೆ ಜೋಡಿಸಿದ. ಅತ್ತೆಯನ್ನು ಮೆಲ್ಲಗೆ ಎಬ್ಬಿಸಿ ರೋಬೋಟಿನ ಹಿಂದೆ ಕುರ್ಚಿಯಲ್ಲಿ ಕೂರಿಸಿದ.

ಅತ್ತೆ ಒಂದು ಕಾಲದಲ್ಲಿ ಊರವರ ಬಟ್ಟೆ ಹೊಲಿದು ಮಗಳನ್ನು ಓದಿಸಿದವರು. ಪಾದದಡಿ ಪೆಡಲ್ ಸಿಕ್ಕಿದ್ದೇ ತಡ, ಬಗ್ಗಿದ ಬೆನ್ನು ತಾನಾಗಿ ನೆಟ್ಟಗಾಯಿತು.

“ಎಲ್ಲಿಗೆ ಎಸೀಲಿ?”

“ಅದನ್ನ ನನಗೆ ಹೇಳಬಾರದು ಅತ್ತೆ.”

ಹೇಳಲಿಲ್ಲ. ಅಳಿಯನೆಂಬ ನೆರಳು ಎಡಕ್ಕೆ ಸರಿದರೆ ಬಲಕ್ಕೆ ಎಸೆದರು. ಜೋರಾಗಿ ಬರುತ್ತದೆಂದು ಅವನು ಹಿಂದೆ ನಿಂತರೆ ಪುಸಕ್ಕನೆ ನೆಟ್ಟಿನ ಪಕ್ಕ ಬೀಳಿಸಿದರು. ಬೆವರು ಒರೆಸಿಕೊಳ್ಳುವಾಗಲೂ ಒಂದು ಚೆಂಡು ಬಂದು ಹೊಟ್ಟೆಗೆ ಬಡಿಯಿತು.

“ಅದು ಮೋಸ ಅತ್ತೆ!”

“ಆ ಸ್ಟೋರಿನವನು ನಿಮಗೆ ಹೇಳಿ ಕೇಳಿ ಹೊಡೀತಾನಾ?”

ವಾರ್ಷಿಕ ಪಂದ್ಯದಲ್ಲಿ ಅವನು ಮೊದಲ ಗೇಮ್ ಗೆದ್ದ. ಎರಡನೆಯದರಲ್ಲಿ ಕೂದಲೆಳೆಯಲ್ಲಿ ತಪ್ಪಿತು. ಮೂರನೆಯದರಲ್ಲಿ ಮಂಡಿ ಎಂದಿನಂತೆ ಕೈಕೊಟ್ಟಿತು, ಅಲ್ಲಿಗೆ ಮುಗಿಯಿತು. ಸ್ಟೋರ್‌ಕೀಪರ್ ಏದುಸಿರು ಬಿಡುತ್ತಾ ಕೈ ಕುಲುಕಿದ.

“ಯಾರ ಹತ್ರ ಕಲಿತ್ಯೋ ಮಾರಾಯ?”

“ನಮ್ಮತ್ತೆ ಹತ್ರ.”

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಅವನಿಗೆ ವಿವರಿಸಲೂ ಬೇಸರವಾಗಿ ನೀರು ಕುಡಿದು ಹೊರಟ.

“ಸಾಕು ಅತ್ತೆ, ಇನ್ನು ನನ್ನ ಕೈಲಾಗಲ್ಲ,” ಎಂದು ಮನೆಗೆ ಬಂದು ಬ್ಯಾಟನ್ನು ಬೀರುವಿನ ಮೇಲಿಟ್ಟ. ಭಾನುವಾರ ಟೇಬಲ್ ಮಡಚಿಡುತ್ತೇನೆ ಅಂದ. ಅತ್ತೆ ಗೋಡೆಯ ಕಡೆ ಮಗ್ಗುಲಾಗಿ ಮಲಗಿದರು. ಭಾನುವಾರ ಬಂತು, ಹೋಯಿತು. ಟೇಬಲ್ ಮಡಚಲೂ ಅವನಿಗೆ ಸೋಮಾರಿತನ.

ಅದೇ ವಾರ ಕಾರ್ಖಾನೆಯಲ್ಲಿ ಒಂದು ಇಡೀ ಸಾಲಿನ ಯಂತ್ರಗಳು ಕೆಟ್ಟು ಕೂತವು. ಬೈಗುಳ ಕೇಳಿ ಕೇಳಿ ತಲೆ ಚಿಟ್ಟುಹಿಡಿದು, ಕಾಲೆಳೆದುಕೊಂಡು ಮನೆಗೆ ಬಂದರೆ ಒಳಗಿಂದ ಟಪ್, ಟಪ್ ಎಂದು ಸದ್ದು. ಮಂಚ ಖಾಲಿಯಿತ್ತು. ಅತ್ತೆ ಯಾರ ಆಸರೆಯೂ ಇಲ್ಲದೆ ಎದ್ದು, ಗೋಡೆ ಹಿಡಿದು ನಡೆದು, ಕುರ್ಚಿಯಲ್ಲಿ ಕೂತಿದ್ದರು. ಪೆಡಲ್ ಒತ್ತಿದಂತೆಲ್ಲ ಚೆಂಡುಗಳು ಯಾರೂ ಇಲ್ಲದ ಕಡೆಗೆ ಹಾರಿ, ನೆಲದ ತುಂಬ ಉರುಳುತ್ತಿದ್ದವು.

“ಅಳಿಯಂದ್ರಾ? ಸುಸ್ತಾಗಿದ್ರೆ ಮಲಕ್ಕೊಳ್ಳಿ. ನಾನು ಸುಮ್ನೆ ಎಸೀತಿದ್ದೆ.”

ನಿಜವಾಗಿಯೂ ಅವನಿಗೆ ಬೇಕಿದ್ದದ್ದು ನಿದ್ದೆ. ಆದರೂ ಊಟದ ಡಬ್ಬಿ ಕೆಳಗಿಟ್ಟು, ಶೂ ಕೂಡ ಬಿಚ್ಚದೆ ಬ್ಯಾಟು ತೆಗೆದುಕೊಂಡ.

“ಐದೇ ನಿಮಿಷ ಅತ್ತೆ.”

ಅತ್ತೆ ಪೆಡಲ್ ಒತ್ತಿದರು. ಚೆಂಡು ಅವನ ಎಡಗಡೆಯ ಮೂಲೆಗೆ, ಕೈಗೆ ಎಟುಕದಷ್ಟು ದೂರಕ್ಕೆ ಬಂದು ಬಿತ್ತು.